ಗೂಢಚಾರನ ಕಣ್ಣು, ಹೆಣ್ಣಿನ ಮೈ, ತೋಟಿಯ ಸಾವು

ಪತ್ತೇದಾರಿ ಪುಸ್ತಕ, ಗೂಢಚಾರಿ ಸಿನಿಮಾ ಇವುಗಳ ಬಗ್ಗೆ ವಿಮರ್ಶೆ ಬರೆಯೋದು ದಂಡ ಅಂತ ನಮ್ಮ ಪಂಡಿತರು ತಿಳಿದಿದ್ದಾರೆ. ಅವರಿಗೆ ಪಂಪ ಬೇಕು, ಕುಮಾರವ್ಯಾಸ ಬೇಕು, ಇನ್ನೂ ಮುಂದುವರಿದವರಿಗೆ ನವ್ಯದ ಅನಾಥಪ್ರಜ್ಞೆ ಬೇಕು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ್ದ ಪುಸ್ತಕ, ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ನೋಡಿದ ಚಿತ್ರ ಅವರ ಲೆಕ್ಕಕ್ಕೆ ಬರೋದಿಲ್ಲ. ಆದರೆ ಪಂಪನ ಒಂದು ಪದ್ಯವೂ ಗೊತ್ತಿಲ್ಲದ ಹುಡುಗನಿಗೆ ಜೇಮ್ಸ್ ಬಾಂಡ್ ಗೊತ್ತು. ಟೆಂಟು ಹೋಯಿತು, ದಾರವೂ ಹೋಯಿತು. ಈಗ ಅದೇ ಬಾಂಡ್ ಕೈಯೊಳಗಿನ ಮೊಬೈಲಿಗೆ ಬಂದು ಕೂತಿದ್ದಾನೆ. ಜನ ಯಾವುದಕ್ಕೆ ಶಿಳ್ಳೆ ಹೊಡೆಯುತ್ತಾರೋ ಅದನ್ನು ಮುಟ್ಟದ ವಿಮರ್ಶೆ ನಮಗೆ ಬೇಕಾಗಿಲ್ಲ.

'ಅಯ್ಯೋ, ಮನರಂಜನೆ ಕಣ್ರೀ, ಅದರಲ್ಲೇನು ಹುಡುಕ್ತೀರಿ?' ಅಂತ ಕೇಳೋರಿದ್ದಾರೆ. ಯಾರ ಮನ ರಂಜನೆಗೊಳ್ತಾ ಇದೆ, ಯಾರ ಮೈ ಖರ್ಚಾಗ್ತಾ ಇದೆ ಅನ್ನೋದನ್ನೇ ನಾವು ಹುಡುಕಬೇಕಾಗಿರೋದು. ಈ ಕತೆಗಳಲ್ಲಿ ಮೂರು ಜನ ಸದಾ ಇರುತ್ತಾರೆ. ನೋಡುವವನು ಒಬ್ಬ, ಅವನೇ ನಾಯಕ. ನೋಡಿಸಿಕೊಳ್ಳುವವಳು ಒಬ್ಬಳು, ಅವಳು ಹೆಣ್ಣು. ದಾರಿ ತೋರಿಸಿ, ಗಂಟು ಹೊತ್ತು, ಮಧ್ಯದಲ್ಲೇ ಸಾಯುವವನು ಒಬ್ಬ, ಅವನು ಕರಿಯ ಅಥವಾ ಕಂದು ಬಣ್ಣದವನು. ಈ ಮೂವರ ಸಂಬಂಧವನ್ನು ಬಿಡಿಸಿ ನೋಡಿದರೆ ನಮ್ಮ ಊರಿನ ಚಾವಡಿಯೇ ಕಾಣುತ್ತದೆ.

1

ಗೂಢಚಾರ ಅಂದರೆ ಆಳುವವನ ಕಣ್ಣು. ಈ ಮಾತು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದಲ್ಲ, ನಮ್ಮಲ್ಲೇ ಇತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಒಂದು ತಾಳೆಗರಿಯ ಕಟ್ಟು ಸಿಕ್ಕಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಯಿತು. ಇಡೀ ದೇಶ ಹೆಮ್ಮೆಪಟ್ಟಿತು. ನಾವು ಅದರ ಗೂಢಪುರುಷರ ಅಧ್ಯಾಯಗಳನ್ನು ಸ್ವಲ್ಪ ಬೇರೆ ಕಣ್ಣಿನಿಂದ ಓದಬೇಕು.

ಅಲ್ಲಿ ಹೆಣ್ಣು ಗೂಢಚಾರರಿದ್ದಾರೆ. ಪರಿವ್ರಾಜಿಕೆ ಅಂದರೆ ಯಾರು? ಬದುಕು ನಡೆಸಲು ದಾರಿ ಹುಡುಕುವ ಬಡ ವಿಧವೆ ಬ್ರಾಹ್ಮಣಿ. ಆಕೆಗೆ ಅಂತಃಪುರದಲ್ಲಿ ಗೌರವ, ಮಹಾಮಾತ್ರರ ಮನೆಗೆ ಪ್ರವೇಶ. ಆಕೆಯ ಹಿಂದೆ, ಒಂದೇ ಒಂದು ಸಾಲಿನಲ್ಲಿ, ತಲೆ ಬೋಳಿಸಿದವರು ಮತ್ತು ವೃಷಲಿಯರು, ಅಂದರೆ ಶೂದ್ರ ಸನ್ಯಾಸಿನಿಯರು ಬರುತ್ತಾರೆ. ಅಡಿಗೆಯವನು, ಸ್ನಾನ ಮಾಡಿಸುವವನು, ಹಾಸಿಗೆ ಹಾಸುವವನು ಎಲ್ಲರೂ ಕಿವಿಗಳೇ. ವೇಷ ಹಾಕಬೇಕಾದವರ ಪಟ್ಟಿ ಇನ್ನೂ ಚೆನ್ನಾಗಿದೆ: ಗೂನ, ಕುಳ್ಳ, ಕಿರಾತ, ಮೂಗ, ಕಿವುಡ, ಕುರುಡ. ನೋಡಿ, ಕಾಡಿನ ಕಿರಾತನನ್ನು ಅಂಗವಿಕಲರ ಸಾಲಿನಲ್ಲಿ ನಿಲ್ಲಿಸಲಾಗಿದೆ. ಯಾಕೆ? ಇವರು ಪಕ್ಕದಲ್ಲಿ ನಿಂತಿದ್ದರೂ ದೊಡ್ಡವರು ಇವರನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾತಾಡುತ್ತಾರೆ. ತುಳಿತಕ್ಕೆ ಸಿಕ್ಕವನು ಕಣ್ಣಿಗೆ ಬೀಳುವುದಿಲ್ಲ ಎನ್ನುವುದು ಕೌಟಿಲ್ಯನಿಗೆ ಗೊತ್ತಿತ್ತು. ಅದನ್ನು ತಪ್ಪು ಅಂತ ಅವನು ಹೇಳಲಿಲ್ಲ, ಅದನ್ನು ಉಪಯೋಗಿಸಿಕೊಳ್ಳಿ ಅಂತ ಹೇಳಿದ.

ಆಮೇಲೆ ವಿಷಕನ್ಯೆ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ಚಂದ್ರಗುಪ್ತನನ್ನು ಕೊಲ್ಲಲು ರಾಕ್ಷಸ ಒಬ್ಬ ವಿಷಕನ್ಯೆಯನ್ನು ಕಳಿಸುತ್ತಾನೆ. ಚಾಣಕ್ಯ ಆಕೆಯನ್ನು ಪರ್ವತಕನ ಕಡೆಗೆ ತಿರುಗಿಸುತ್ತಾನೆ, ಅವನು ಸಾಯುತ್ತಾನೆ. ಇಬ್ಬರು ಮಂತ್ರಿಗಳ ಬುದ್ಧಿವಂತಿಕೆಯನ್ನು ಹೊಗಳಿ ಹೊಗಳಿ ನಮ್ಮ ಮೇಷ್ಟ್ರುಗಳ ಬಾಯಿ ಒಣಗಿದೆ. ಒಂದು ಸರಕಿನ ಹಾಗೆ ಆ ಕಡೆಯಿಂದ ಈ ಕಡೆಗೆ ತಳ್ಳಿಸಿಕೊಂಡ ಆ ಹೆಣ್ಣಿನ ಹೆಸರೇನು, ಊರು ಯಾವುದು, ತಂದೆತಾಯಿ ಯಾರು ಅಂತ ಯಾರೂ ಕೇಳಿಲ್ಲ. ಗೂಢಚಾರಿ ಕತೆಯ ಹೆಣ್ಣಿಗೆ ಇವಳೇ ಮೂಲದೇವತೆ. ಅವಳ ಮೈಯೇ ಆಯುಧ, ಅವಳ ಮೈಯೇ ಅಪರಾಧ.

2

ಈಗ ಬಾಂಡ್. ಇಯಾನ್ ಫ್ಲೆಮಿಂಗ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದವನು. ಯುದ್ಧ ಮುಗಿದ ಮೇಲೆ ಜಮೈಕಾದಲ್ಲಿ ಸಮುದ್ರದ ದಂಡೆಗೆ ಮನೆ ಕಟ್ಟಿಸಿಕೊಂಡ. ಚಳಿಗಾಲ ಬಂತೆಂದರೆ ಅಲ್ಲಿಗೆ ಹೋಗಿ ಒಂದೊಂದು ಕಾದಂಬರಿ ಬರೆಯುತ್ತಿದ್ದ. ಮೊದಲನೆಯದು 'ಕ್ಯಾಸಿನೋ ರಾಯಲ್', 1953. ಆ ಹೊತ್ತಿಗೆ ಭಾರತ ಕೈಬಿಟ್ಟು ಹೋಗಿ ಆರು ವರ್ಷ. ಒಂದೊಂದೇ ವಸಾಹತು ಕಳಚಿಕೊಳ್ಳುತ್ತಿತ್ತು. ನಿಜವಾದ ಲೋಕದಲ್ಲಿ ಬ್ರಿಟಿಷರು ಎಷ್ಟೆಷ್ಟು ಕಳೆದುಕೊಂಡರೋ ಕಾಗದದ ಮೇಲೆ ಬಾಂಡ್ ಅಷ್ಟಷ್ಟು ಗೆದ್ದ.

ತಾರೀಖುಗಳನ್ನೇ ನೋಡಿ. ಜಮೈಕಾ ಸ್ವತಂತ್ರವಾದದ್ದು 6 ಆಗಸ್ಟ್ 1962. ಮೊದಲ ಬಾಂಡ್ ಚಿತ್ರ 'ಡಾಕ್ಟರ್ ನೋ' ಲಂಡನ್ನಿನಲ್ಲಿ ತೆರೆಕಂಡದ್ದು 5 ಅಕ್ಟೋಬರ್ 1962. ಕತೆ ನಡೆಯುವುದು ಜಮೈಕಾದಲ್ಲೇ. ಬಾವುಟ ಇಳಿದು ಎರಡು ತಿಂಗಳಾಗಿತ್ತು. ತೆರೆಯ ಮೇಲೆ ಮಾತ್ರ ಗವರ್ನರ್ ಮನೆ ಅದೇ, ಕ್ಲಬ್ಬು ಅದೇ, ಬಿಳಿಯ ಸಾಹೇಬ ಅವನೇ.

ಆ ಚಿತ್ರದಲ್ಲಿ ಕ್ವಾರೆಲ್ ಅಂತ ಒಬ್ಬ ಕರಿಯ ದೋಣಿಗಾರ ಇದ್ದಾನೆ. ಸಮುದ್ರ ಗೊತ್ತು, ದ್ವೀಪ ಗೊತ್ತು, ಗಾಳಿಯ ದಿಕ್ಕು ಗೊತ್ತು. ಅವನಿಲ್ಲದೆ ಬಾಂಡ್ ಆ ದ್ವೀಪಕ್ಕೆ ಕಾಲಿಡುವ ಹಾಗಿಲ್ಲ. ಆದರೂ ಅವನನ್ನು ತೋರಿಸಿರೋದು ಹೇಗೆ? ದೆವ್ವಕ್ಕೆ ಹೆದರುವ ಹಾಗೆ ಡ್ರ್ಯಾಗನ್ನಿಗೆ ಹೆದರುವವನು, ಧೈರ್ಯಕ್ಕೆ ರಮ್ ಕುಡಿಯುವವನು. ಬಾಂಡ್ ಅವನಿಗೆ ತನ್ನ ಬೂಟು ಎತ್ತಿಕೊಂಡು ಬಾ ಅಂತ ಹೇಳುತ್ತಾನೆ, ಅವನು ಎತ್ತಿಕೊಂಡು ಬರುತ್ತಾನೆ. ಕೊನೆಗೆ ಆ ಡ್ರ್ಯಾಗನ್, ಅಂದರೆ ಬೆಂಕಿ ಉಗುಳುವ ಗಾಡಿ, ಅವನನ್ನು ಸುಟ್ಟುಹಾಕುತ್ತದೆ. ಕತೆ ಮುಂದೆ ಹೋಗುತ್ತದೆ. ಅವನಿಗೆ ಹೆಂಡತಿ ಮಕ್ಕಳಿದ್ದರೇ, ಹೆಣ ಮನೆಗೆ ಹೋಯಿತೇ, ಯಾರಿಗೂ ಬೇಡ.

ಇವನನ್ನು ನಾವು ಎಲ್ಲೋ ನೋಡಿದ್ದೀವಲ್ಲ ಅನ್ನಿಸೋದಿಲ್ಲವೇ? ಇವನು ನಮ್ಮ ತೋಟಿ. ಶಾನುಭೋಗನ ದಫ್ತರ ಹೊತ್ತು ಮುಂದೆ ನಡೆದವನು. ಯಾವ ಹೊಲದ ಬದು ಎಲ್ಲಿ, ಯಾವ ಕಲ್ಲು ಯಾವಾಗ ಸರಿಯಿತು, ಕೆರೆಯ ತೂಬು ಯಾವಾಗ ಸೋರಿತು ಎಲ್ಲ ಬಲ್ಲವನು. ಹೊತ್ತಿಲ್ಲ ಗೊತ್ತಿಲ್ಲ, ಕರೆದಾಗ ಬಿಟ್ಟಿ ಹೋಗಬೇಕು. ಊರಿನ ಸುದ್ದಿಯನ್ನು ಪಟೇಲನಿಗೆ ಮುಟ್ಟಿಸಬೇಕು, ಪಟೇಲನ ಅಪ್ಪಣೆಯನ್ನು ಕೇರಿಗೆ ಮುಟ್ಟಿಸಬೇಕು. ತಾನು ಮಾತ್ರ ಚಾವಡಿಯ ಕಟ್ಟೆ ಮುಟ್ಟೋ ಹಾಗಿಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಕಾಗದದ ಮೇಲೆ ಆ ಪದ್ಧತಿಯನ್ನು ತೆಗೆದುಹಾಕಿತು. ಸಿನಿಮಾದಲ್ಲಿ ತೋಟಿಗೆ ಇನ್ನೂ ಬಿಡುಗಡೆ ಸಿಕ್ಕಿಲ್ಲ.

ಖಳನ ಮಾತೂ ಹೀಗೆಯೇ. ಡಾಕ್ಟರ್ ನೋ ಅರ್ಧ ಚೀನೀ, ಅರ್ಧ ಜರ್ಮನ್. ಪಾತ್ರ ಮಾಡಿದ ಜೋಸೆಫ್ ವೈಸ್‌ಮನ್ ಚೀನೀಯನಲ್ಲ. ಕಣ್ಣಿಗೆ ಬಣ್ಣ ಬಳಿದು ಚೀನೀಯನನ್ನಾಗಿ ಮಾಡಿದರು. ಇವನ ಅಪ್ಪ 1913ರಲ್ಲಿ ಪುಸ್ತಕವಾಗಿ ಬಂದ ಸ್ಯಾಕ್ಸ್ ರೋಮರನ ಫೂ ಮಂಚು. 'ಗೋಲ್ಡ್‌ಫಿಂಗರ್' ಕಾದಂಬರಿಯಲ್ಲಿ ಬಾಂಡ್ ಕೊರಿಯನ್ನರನ್ನು ಮಂಗಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಇಡುತ್ತಾನೆ. ಹುಟ್ಟಿನಿಂದ ಮೆಟ್ಟಿಲು ಹಂಚುವ ಈ ವಿದ್ಯೆ ನಮಗೆ ಹೊಸದೇನಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟುಕಳ್ಳರು ಅಂತ ದಫ್ತರಕ್ಕೆ ಏರಿಸಿದರು. ಆ ಕಾಯಿದೆ ಹೋದದ್ದು 1952ರಲ್ಲಿ. ಅದಾದ ಮರುವರ್ಷ ಬಾಂಡ್ ಹುಟ್ಟಿದ. ಮುಖ ನೋಡಿ ಕಳ್ಳನನ್ನು ಹೇಳುವ ಕೆಲಸವನ್ನು ಪೊಲೀಸನ ಕೈಯಿಂದ ಕತೆಗಾರ ಇಸಕೊಂಡ.

3

ಹೆಣ್ಣಿನ ಮಾತಿಗೆ ಬರೋಣ. 'ಕ್ಯಾಸಿನೋ ರಾಯಲ್'ನಲ್ಲಿ ವೆಸ್ಪರ್ ಎಂಬ ಹೆಣ್ಣಿನ ಮೈಯ ಸುಖ ಬಲಾತ್ಕಾರದ ರುಚಿ ಕೊಡುತ್ತದೆ ಅಂತ ನಾಯಕ ಸಲೀಸಾಗಿ ಯೋಚಿಸುತ್ತಾನೆ. ಅವಳು ಸತ್ತ ಮೇಲೆ ಅವಳನ್ನು ಹೆಣ್ಣುನಾಯಿ ಅಂತ ಕರೆದು ಫೋನು ಇಡುತ್ತಾನೆ. 1962ರ 'ದಿ ಸ್ಪೈ ಹೂ ಲವ್ಡ್ ಮಿ' ಕಾದಂಬರಿಯನ್ನು ಫ್ಲೆಮಿಂಗ್ ಒಬ್ಬ ಹೆಣ್ಣಿನ ಬಾಯಲ್ಲಿ ಹೇಳಿಸಿದ. ಅವಳ ಬಾಯಲ್ಲಿ ಅವನು ಹೇಳಿಸಿದ್ದೇನು? ಅರೆಬಲಾತ್ಕಾರ ಎಲ್ಲ ಹೆಂಗಸರಿಗೂ ಇಷ್ಟ ಅಂತ. ಗಂಡಸು ತನ್ನ ಆಸೆಯನ್ನು ಹೆಣ್ಣಿನ ನಾಲಿಗೆಯ ಮೇಲೆ ಇಟ್ಟು, ನೋಡಿ ಅವಳೇ ಹೇಳ್ತಾ ಇದ್ದಾಳೆ ಅನ್ನುತ್ತಾನೆ. ಪಂಚಾಯ್ತಿ ಕಟ್ಟೆಯಲ್ಲಿ ಊರಗೌಡನ ಮಗ ಹೇಳೋದೂ ಇದೇ ಅಲ್ಲವೇ: 'ಅವಳೇ ಒಪ್ಪಿದ್ಲು.'

ಸಿನಿಮಾಗಳು ಇದನ್ನು ತಮಾಷೆಯಾಗಿ ಮಾಡಿದವು. 'ಥಂಡರ್‌ಬಾಲ್' (1965) ಚಿತ್ರದಲ್ಲಿ ಆಸ್ಪತ್ರೆಯಂಥ ಒಂದು ಜಾಗದಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಇದ್ದಾಳೆ. ಯಂತ್ರದಲ್ಲಿ ಬಾಂಡ್‌ಗೆ ಅಪಾಯವಾಗಿದೆ, ವಿಷಯ ಮೇಲೆ ಹೋದರೆ ಅವಳ ಕೆಲಸ ಹೋಗುತ್ತದೆ. ಬಾಯಿ ಮುಚ್ಚಿಕೊಂಡಿರಲು ಒಂದು ಬೆಲೆ ಇದೆ ಅಂತ ಅವನು ಸೂಚಿಸುತ್ತಾನೆ. ಅವಳು ಬೇಡ ಅನ್ನುತ್ತಾ ಹಿಂದೆ ಸರಿಯುತ್ತಾಳೆ, ಅವನು ಮುಂದೆ ಬರುತ್ತಾನೆ. ಥಿಯೇಟರಿನಲ್ಲಿ ನಗು. ಗಾರ್ಮೆಂಟ್ ಕಾರ್ಖಾನೆಯ ಸೂಪರ್‌ವೈಸರು, ಕಾಫಿ ತೋಟದ ಮೇಸ್ತ್ರಿ ಇದೇ ಬೆಲೆ ಕೇಳಿದಾಗ ಅದು ನಗುವ ವಿಷಯವಲ್ಲ ಅಂತ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. 'ಗೋಲ್ಡ್‌ಫಿಂಗರ್' (1964) ಚಿತ್ರದಲ್ಲಿ ವಿಮಾನ ಹಾರಿಸಬಲ್ಲ, ಗಂಡಸರಿಗೆ ಸೊಪ್ಪು ಹಾಕದ ಒಬ್ಬಳನ್ನು ಹುಲ್ಲಿನ ಕೊಟ್ಟಿಗೆಯಲ್ಲಿ ಬಲವಂತವಾಗಿ ಕೆಡವಿದ ಮೇಲೆ ಅವಳು ಪಕ್ಷ ಬದಲಾಯಿಸಿ ಅವನ ಕಡೆಗೆ ಬರುತ್ತಾಳೆ. ಬಲಾತ್ಕಾರದಿಂದ ಬುದ್ಧಿ ಬರುತ್ತದೆ ಅನ್ನೋದು ಈ ಕತೆಯ ನೀತಿ. ಕೇರಿಗೆ ನುಗ್ಗಿ ಬುದ್ಧಿ ಕಲಿಸುತ್ತೇವೆ ಅನ್ನುವವರ ನೀತಿಯೂ ಇದೇ.

1973ರ 'ಲಿವ್ ಅಂಡ್ ಲೆಟ್ ಡೈ'ಯಲ್ಲಿ ಇಬ್ಬರು ಹೆಂಗಸರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬಳು ಬಿಳಿಯ ಕನ್ಯೆ, ಎಲೆ ನೋಡಿ ಭವಿಷ್ಯ ಹೇಳುವವಳು. ಕನ್ಯತ್ವ ಹೋದರೆ ಶಕ್ತಿ ಹೋಗುತ್ತದೆ. ಎಲ್ಲಾ ಎಲೆಗಳೂ ಪ್ರಣಯದ ಎಲೆಗಳೇ ಇರುವ ಕಟ್ಟೊಂದನ್ನು ತಂದು ಬಾಂಡ್ ಅವಳನ್ನು ಮೋಸಗೊಳಿಸುತ್ತಾನೆ. ಆದರೂ ಅವಳು ಕೊನೆಯವರೆಗೂ ಉಳಿಯುತ್ತಾಳೆ. ಇನ್ನೊಬ್ಬಳು ರೋಸಿ ಕಾರ್ವರ್, ಕರಿಯ ಹೆಣ್ಣು. ಹೆದರುಪುಕ್ಕಲಿ, ಎರಡು ಕಡೆ ಆಟವಾಡುವವಳು. ಅವಳ ಮೋಸ ಗೊತ್ತಿದ್ದೇ ಬಾಂಡ್ ಅವಳ ಜೊತೆ ಮಲಗುತ್ತಾನೆ, ಎದ್ದ ಮೇಲೆ ಪಿಸ್ತೂಲು ತೋರಿಸುತ್ತಾನೆ. ಅವಳು ಓಡುತ್ತಾಳೆ, ಬೆದರುಬೊಂಬೆಯೊಳಗೆ ಅಡಗಿಸಿಟ್ಟ ಬಂದೂಕಿಗೆ ಬಲಿಯಾಗುತ್ತಾಳೆ. ಎಲ್ಲ ಹೆಂಗಸರೂ ಸರಕೇ, ಆದರೆ ಸರಕಿನಲ್ಲೂ ಜಾತಿ ಇದೆ. ಹೆಣ್ಣಿನ ಶೋಷಣೆ ಒಂದು, ಕರಿಯರ ಶೋಷಣೆ ಇನ್ನೊಂದು ಅಂತ ಬೇರೆ ಬೇರೆ ಕಂತೆ ಕಟ್ಟುವ ನಮ್ಮ ಗೆಳೆಯರು ರೋಸಿ ಕಾರ್ವರಳ ಹೆಣದ ಮುಂದೆ ಒಂದು ಗಳಿಗೆ ನಿಲ್ಲಬೇಕು.

'ಡಾಕ್ಟರ್ ನೋ'ದಲ್ಲೇ ಒಂದು ಮಾತು ಬರುತ್ತದೆ, ಯಾರೂ ಕಿವಿಗೊಡೋದಿಲ್ಲ. ಸಮುದ್ರದಿಂದ ಎದ್ದು ಬರುವ ಹನಿ ಎಂಬ ಹುಡುಗಿ. ಉರ್ಸುಲಾ ಆಂಡ್ರೆಸ್ ಮಾಡಿದ ಪಾತ್ರ, ಅವಳ ದನಿ ಕೂಡ ಅವಳದಲ್ಲ, ಬೇರೊಬ್ಬಳು ಡಬ್ ಮಾಡಿದ್ದು. ಲೋಕವೆಲ್ಲ ಅವಳ ಬಿಕಿನಿಯನ್ನು ನೆನಪಿಟ್ಟುಕೊಂಡಿದೆ. ಅವಳು ತನ್ನ ಕತೆಯನ್ನೂ ಹೇಳುತ್ತಾಳೆ. ಅಪ್ಪ ಹೋದ ಮೇಲೆ ಮನೆಯ ಮಾಲೀಕ ಬಾಡಿಗೆ ಕೇಳದೆ ಇರಗೊಟ್ಟ. ಒಂದು ರಾತ್ರಿ ಅವಳ ಕೋಣೆಗೆ ಬಂದು ಅವಳ ಮೇಲೆ ಬಿದ್ದ. ಅವಳು ಒಂದು ವಿಷದ ಜೇಡವನ್ನು ಹಿಡಿದು ಅವನ ಸೊಳ್ಳೆಪರದೆಯೊಳಗೆ ಬಿಟ್ಟಳು. ಅವನು ಸಾಯಲು ಒಂದು ವಾರ ಹಿಡಿಯಿತು. ಬಾಂಡ್ ಒಂದು ಚಟಾಕಿ ಹಾರಿಸಿ ಮುಂದೆ ಹೋಗುತ್ತಾನೆ, ಕ್ಯಾಮರಾ ಅವಳ ಮೈ ಮೇಲೆಯೇ ನಿಲ್ಲುತ್ತದೆ. ಮಾಲೀಕನ ಅತ್ಯಾಚಾರಕ್ಕೆ ತಿರುಗಿಬಿದ್ದ ಒಬ್ಬಂಟಿ ಹೆಣ್ಣಿನ ಬಂಡಾಯದ ಕತೆ ಒಂದು ಇಡೀ ಚಿತ್ರಕ್ಕಾಗುವಷ್ಟು ಅಲ್ಲಿ ಬಿದ್ದಿದೆ. ಎತ್ತಿಕೊಳ್ಳುವ ಕೈ ಅಲ್ಲಿರಲಿಲ್ಲ.

4

ಗೂಢಚಾರನಿಗೆ ವೇಷ ಬೇಕು. ಯಾರು ಯಾರ ವೇಷ ಹಾಕಬಹುದು? ಕಿಪ್ಲಿಂಗ್ 1901ರಲ್ಲಿ ಬರೆದ 'ಕಿಮ್' ಕಾದಂಬರಿಯಲ್ಲಿ ಐರಿಷ್ ಹುಡುಗ ಒಮ್ಮೆ ಹಿಂದೂ, ಒಮ್ಮೆ ಮುಸಲ್ಮಾನ, ಏನು ಬೇಕಾದರೂ ಆಗಬಲ್ಲ. ಅದೇ ಕಾದಂಬರಿಯ ಬಂಗಾಳಿ ಬಾಬು ಎಷ್ಟು ಇಂಗ್ಲಿಷ್ ಓದಿದರೂ ನಗೆಪಾಟಲಿನವನೇ. 1967ರ 'ಯು ಓನ್ಲಿ ಲಿವ್ ಟ್ವೈಸ್'ನಲ್ಲಿ ಶಾನ್ ಕಾನರಿಗೆ ಬಣ್ಣ ಬಳಿದು ಕೂದಲಂಟಿಸಿ ಜಪಾನಿ ಮೀನುಗಾರ ಅಂದರು, ನಾವು ನಂಬಬೇಕಂತೆ. ಜಪಾನಿನ ಹೆಂಗಸರು ಅವನಿಗೆ ಸ್ನಾನ ಮಾಡಿಸುತ್ತಾರೆ, ಇಲ್ಲಿ ಗಂಡಸು ಮೊದಲು ಹೆಂಗಸು ಆಮೇಲೆ ಅಂತ ಅವನಿಗೆ ಹೇಳಿಕೊಡಲಾಗುತ್ತದೆ. ಮೇಲಿನವನು ಕೆಳಗಿನವನ ವೇಷ ಹಾಕಿದರೆ ಅದು ಸಾಹಸ. ಕೆಳಗಿನವನು ಮೇಲಿನವನ ವೇಷ ಹಾಕಿದರೆ? ಮೀಸೆ ತಿರುವಿದ್ದಕ್ಕೆ, ಕುದುರೆ ಏರಿ ಮದುವೆ ದಿಬ್ಬಣ ಹೊರಟದ್ದಕ್ಕೆ ಈ ದೇಶದಲ್ಲಿ ಏಟು ಬಿದ್ದಿದೆ.

ವೇಷದ ಮಾತು ಬಂದಾಗ ಮಾತಾ ಹರಿಯನ್ನು ಬಿಡೋ ಹಾಗಿಲ್ಲ. ಬೇಹುಗಾತಿ ಅಂದರೆ ಮೈಮಾಟದವಳು ಎಂಬ ಕಲ್ಪನೆಗೆ ಯುರೋಪಿನಲ್ಲಿ ಇವಳೇ ಮಾದರಿ. ನಿಜದ ಹೆಸರು ಮಾರ್ಗರೇತಾ ಜೆಲ್ಲೆ, ಹಾಲೆಂಡಿನವಳು. ಗಂಡನ ಕಾಟದ ಮದುವೆಯಿಂದ ಹೊರಬಂದು ಪ್ಯಾರಿಸ್ಸಿಗೆ ಹೋದಳು. 1905ರಲ್ಲಿ ಅಲ್ಲಿನ ಗಿಮೆ ಮ್ಯೂಸಿಯಮ್ಮಿನಲ್ಲಿ ಶಿವನ ಮುಂದೆ ಕುಣಿದು ಒಂದೊಂದೇ ಬಟ್ಟೆ ಕಳಚಿದಳು. ತಾನು ಭಾರತದ ದೇವಸ್ಥಾನದ ನರ್ತಕಿಯ ಮಗಳು, ಗುಡಿಯಲ್ಲೇ ಬೆಳೆದವಳು ಅಂತ ಕತೆ ಕಟ್ಟಿದಳು. ದೊಡ್ಡ ಮನುಷ್ಯರೆಲ್ಲ ಬಾಯಿ ಬಿಟ್ಟು ನೋಡಿದರು. ಯುದ್ಧ ಬಂದು ಫ್ರಾನ್ಸ್ ಸೋಲುತ್ತಿದ್ದಾಗ ಅದೇ ದೊಡ್ಡ ಮನುಷ್ಯರಿಗೆ ಒಬ್ಬ ಅಪರಾಧಿ ಬೇಕಾಗಿತ್ತು. ಸಾಕ್ಷಿ ಬಲವಾಗಿರಲಿಲ್ಲ, ಅವಳ ನಡತೆಯೇ ಸಾಕ್ಷಿಯಾಯಿತು. 15 ಅಕ್ಟೋಬರ್ 1917ರಂದು ಗುಂಡಿಟ್ಟು ಕೊಂದರು.

ನಮಗೆ ಇದರಲ್ಲಿ ಎರಡು ಉರಿ ಇದೆ. ಆ ಹೆಣ್ಣಿಗಾದ ಅನ್ಯಾಯ ಒಂದು. ಅವಳು ವೇಷ ಮಾಡಿಕೊಂಡ ದೇವಸ್ಥಾನದ ನರ್ತಕಿ ಇನ್ನೊಂದು. ಪ್ಯಾರಿಸ್ಸಿನ ಗಂಡಸರಿಗೆ ಅದು ಪರದೇಶದ ಸುಗಂಧ. ಸವದತ್ತಿಯ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ? ಅವಳು ಹೆಚ್ಚುಪಾಲು ನಮ್ಮ ಕೇರಿಯವಳೇ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಗಿ ಬಂತು ಅಂದರೆ ಅಲ್ಲಿಯತನಕ ಎಷ್ಟು ಮಕ್ಕಳ ಕೊರಳಿಗೆ ಆ ಮುತ್ತು ಬಿದ್ದಿರಬೇಕು! ಗೂಢಚಾರಿಣಿಯ ಮೋಹಕ ಚಿತ್ರದ ಅಡಿಯಲ್ಲಿ ನಮ್ಮ ಅಕ್ಕತಂಗಿಯರ ಮೈಯ ನೋವು ಹೂತುಹೋಗಿದೆ.

5

ಬಾಂಡ್ ನಮ್ಮ ದೇಶಕ್ಕೂ ಬಂದ. 1983ರ 'ಆಕ್ಟೊಪಸಿ', ಉದಯಪುರದಲ್ಲಿ ತೆಗೆದದ್ದು. ಹೆಸರೇ ಹೆಣ್ಣಿನ ಮೇಲಿನ ಒಂದು ಪೋಲಿ ಶ್ಲೇಷೆ. ಅಲ್ಲಿ ಭಾರತ ಹೇಗಿದೆ? ಕತ್ತಿ ನುಂಗುವವನು, ಮೊಳೆಯ ಹಾಸಿಗೆಯ ಮೇಲೆ ಮಲಗುವವನು, ಕೆಂಡ ತುಳಿಯುವವನು, ಆನೆ, ಹುಲಿ, ಅರಮನೆ. ಮದರಾಸಿನ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅದರಲ್ಲಿ ಬಾಂಡ್‌ನ ಸಹಾಯಕ. ಸರ್ಕಾರದ ಗುಪ್ತಚರ ಅಧಿಕಾರಿಯಂತೆ. ತೆರೆಯ ಮೇಲೆ ಮೊದಲು ಬರುವುದು ಹಾವಾಡಿಗನಾಗಿ, ಪುಂಗಿ ಊದಿಕೊಂಡು! ಜೂಜಿನಲ್ಲಿ ಗೆದ್ದ ದುಡ್ಡನ್ನು ಬಾಂಡ್ ಭಾರತೀಯ ಸಹಾಯಕರಿಗೆ ಕೊಟ್ಟು, ಕೆಲವು ವಾರ ನಿಮ್ಮ ಸಾರಿಗೆ ಇದು ಸಾಕು ಎನ್ನುವ ಅರ್ಥದ ಮಾತಾಡುತ್ತಾನೆ. ಆಟೋದಲ್ಲಿ ತಪ್ಪಿಸಿಕೊಂಡು ಹೋಗುವಾಗ ನೋಟುಗಳನ್ನು ಗಾಳಿಗೆ ತೂರುತ್ತಾನೆ, ಸಂತೆಯ ಜನ ಮುಗಿಬಿದ್ದು ಆರಿಸಿಕೊಳ್ಳುತ್ತಾರೆ, ಶತ್ರುಗಳ ದಾರಿ ಕಟ್ಟುತ್ತದೆ. ವಿಜಯ್ ಕೊನೆಗೆ ಏನಾಗುತ್ತಾನೆ? ಕ್ವಾರೆಲ್ ಆದದ್ದೇ ಆಗುತ್ತಾನೆ. ಇಪ್ಪತ್ತೊಂದು ವರ್ಷದಲ್ಲಿ ದ್ವೀಪ ಬದಲಾಯಿತು, ತೋಟಿಯ ಹಣೆಬರಹ ಬದಲಾಗಲಿಲ್ಲ.

ಆ ನೋಟಿಗೆ ಮುಗಿಬೀಳುವ ಜನರಲ್ಲಿ ನಾವಿದ್ದೇವೆ. ತೆರೆಯ ಮುಂದೆ ಕೂತು ನಕ್ಕವರಲ್ಲೂ ನಾವಿದ್ದೇವೆ. ನಮ್ಮ ಬಡತನವನ್ನು ನೋಡಿ ನಾವೇ ನಗುವ ಹಾಗೆ ಮಾಡುವುದು ಈ ಚಿತ್ರಗಳ ದೊಡ್ಡ ತಾಕತ್ತು. ನೋಡುವವನ ಕಣ್ಣನ್ನು ನಮಗೆ ಎರವಲು ಕೊಡುತ್ತಾರೆ. ಎರಡೂವರೆ ಗಂಟೆ ನಾವೂ ಬಿಳಿಯ ಸಾಹೇಬರೇ.

6

ಕನ್ನಡಕ್ಕೆ ಬರೋಣ. ಇಂಗ್ಲಿಷರನ್ನು ಬೈದು ಮನೆಯನ್ನು ಬಿಡುವುದು ನ್ಯಾಯವಲ್ಲ. 1968ರಲ್ಲಿ ದೊರೆ-ಭಗವಾನ್ ಜೋಡಿ ರಾಜ್‌ಕುಮಾರರನ್ನು ಇಟ್ಟುಕೊಂಡು 'ಜೇಡರ ಬಲೆ' ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಬಡವನ ಪಾತ್ರಕ್ಕೆ ಜೀವ ತುಂಬಿದ, ಹಳ್ಳಿಯ ಬಾಯಿಯ ಕನ್ನಡವನ್ನು ತೆರೆಗೆ ತಂದ ನಟ ಸೂಟು ಹಾಕಿ ಪಿಸ್ತೂಲು ಹಿಡಿದಾಗ ಜನ ಹುಚ್ಚೆದ್ದರು. ಅದರಲ್ಲಿ ಒಂದು ಸ್ವಾಭಿಮಾನವೂ ಇತ್ತು: ಅವರ ಬಾಂಡ್‌ಗೆ ನಮ್ಮವನೇನು ಕಮ್ಮಿ? ಆ ಸ್ವಾಭಿಮಾನವನ್ನು ನಾವು ಹಗುರ ಮಾಡೋದಿಲ್ಲ.

ಆದರೆ ಎರವಲು ತಂದ ಅಂಗಿಯ ಜೇಬಿನಲ್ಲಿ ಏನಿತ್ತು ಅಂತಲೂ ನೋಡಬೇಕು. ನಮ್ಮ ನಾಯಕ ಬಾಂಡ್‌ನ ಹಾಗೆ ಹಾಸಿಗೆಯಿಂದ ಹಾಸಿಗೆಗೆ ಹಾರೋದಿಲ್ಲ, ಮರ್ಯಾದಸ್ಥ. ಹಾಗಾದರೆ ಬಾಂಡ್ ಚಿತ್ರದ ಆ ಬಿಸಿ ಎಲ್ಲಿಗೆ ಹೋಯಿತು? ಹೆಣ್ಣನ್ನು ಎರಡಾಗಿ ಸೀಳಿದರು. ಒಬ್ಬಳು ನಾಯಕಿ, ಮನೆತನದವಳು, ಕೊನೆಗೆ ತಾಳಿಗೆ ಯೋಗ್ಯಳು. ಇನ್ನೊಬ್ಬಳು ಖಳನ ಅಡ್ಡೆಯ ಕ್ಲಬ್ ಡ್ಯಾನ್ಸಿನವಳು. ಕಣ್ಣು ತುಂಬ ಅವಳನ್ನು ನೋಡಿಕೊಳ್ಳಬಹುದು, ಆಮೇಲೆ ಒಂದು ಗುಂಡಿಗೆ ಬಲಿಕೊಡಬಹುದು. ಬಾಂಡ್ ಚಿತ್ರದಲ್ಲಿ ಹೆಣ್ಣು ಭೋಗದ ವಸ್ತುವಾದರೆ, ನಮ್ಮಲ್ಲಿ ಅದರ ಜೊತೆಗೆ ಮಡಿ-ಮೈಲಿಗೆಯೂ ಸೇರಿತು. ಇದು ಕನ್ನಡದ್ದೊಂದೇ ಪಾಪವಲ್ಲ. ಹಿಂದಿ, ತಮಿಳು, ತೆಲುಗಿನ ಗೂಢಚಾರಿ ಚಿತ್ರಗಳೆಲ್ಲ ಈ ಹಾದಿಯಲ್ಲೇ ನಡೆದವು.

ಆ ಎರಡನೆಯವಳ ಹೆಸರು ಏನಿರುತ್ತದೆ? ಭಾರತೀಯ ಸಿನಿಮಾದ ವಾಡಿಕೆ ನೋಡಿ: ಲಿಲ್ಲಿ, ಜೂಲಿ, ಮೋನಾ, ರೋಸಿ. ಗೋವಾದವನಾದರೆ ಕುಡುಕ, ಕಿರಿಸ್ತಾನದ ಹೆಣ್ಣಾದರೆ ಕ್ಲಬ್ಬಿನವಳು. ಮೇರಿ, ರೋಸಿ ಎಂಬ ಹೆಸರು ನಮ್ಮ ಹಳ್ಳಿಗಳಲ್ಲಿ ಯಾರಿಗಿದೆ? ಎಷ್ಟೋ ಕಡೆ ಮನುಷ್ಯರಂತೆ ಬದುಕಬೇಕು ಅಂತ ಮಿಷನ್ನಿನ ಮೆಟ್ಟಿಲು ಹತ್ತಿದ ಕೇರಿಯ ಮನೆಗಳ ಹೆಣ್ಣುಮಕ್ಕಳಿಗೆ. ಜಾತಿಯ ಹೆಸರಿನಿಂದ ತಪ್ಪಿಸಿಕೊಂಡು ಪಡೆದ ಹೆಸರಿಗೆ ಸಿನಿಮಾ ಇನ್ನೊಂದು ಕೆಸರು ಬಳಿಯಿತು.

ರೋಸಿ ಅಂದಾಗ ಒಬ್ಬ ನಿಜವಾದ ರೋಸಿಯನ್ನು ನೆನೆಯಬೇಕು. ಪಿ.ಕೆ. ರೋಸಿ, ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'ನ ನಾಯಕಿ, ದಲಿತ ಹೆಣ್ಣುಮಗಳು. ಸುಮಾರು 1930ರ ಮಾತು. ಅವಳು ತೆರೆಯ ಮೇಲೆ ನಾಯರ್ ಹೆಂಗಸಾಗಿ ಕಾಣಿಸಿಕೊಂಡಳು ಅಂತ ಮೇಲ್ಜಾತಿಯವರು ರೊಚ್ಚಿಗೆದ್ದರು, ಅವಳು ಊರು ಬಿಟ್ಟು ಓಡಬೇಕಾಯಿತು. ದಲಿತ ಹೆಣ್ಣು ಕುಲೀನೆಯ ವೇಷ ಹಾಕುವ ಹಾಗಿಲ್ಲ. ಕುಲೀನರು ಬರೆದ ಕತೆಯಲ್ಲಿ ಕೆಟ್ಟವಳಾಗಿ ಮಾತ್ರ ಅವಳ ಹೆಸರು ಬರಬಹುದು. ವೇಷದ ಕಾನೂನು ಯಾರ ಕೈಯಲ್ಲಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

7

ಹಾಗಾದರೆ ನಿಜವಾದ ಗೂಢಚಾರಿಣಿಯರು ಹೇಗಿದ್ದರು? ಇಬ್ಬರನ್ನು ಮಾತ್ರ ಹೇಳುತ್ತೇವೆ.

ಒಬ್ಬಳು ನೂರ್ ಇನಾಯತ್ ಖಾನ್. ನಮ್ಮ ಟಿಪ್ಪು ಸುಲ್ತಾನನ ವಂಶದ ಕುಡಿ. ತಂದೆ ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್. ಮಾಸ್ಕೋದಲ್ಲಿ 1914ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದವಳು. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗೆ ಕತೆ ಬರೆಯುತ್ತಿದ್ದಳು. 1939ರಲ್ಲಿ ಬಂದ ಅವಳ ಪುಸ್ತಕ ಬುದ್ಧನ ಇಪ್ಪತ್ತು ಜಾತಕ ಕತೆಗಳದ್ದು. ನಾಜಿಗಳು ಆಕ್ರಮಿಸಿದ ಫ್ರಾನ್ಸಿಗೆ ಜೂನ್ 1943ರಲ್ಲಿ ಬ್ರಿಟನ್ನು ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ತರಬೇತಿ ಕೊಟ್ಟ ಅಧಿಕಾರಿ ಅವಳಿಗೆ ಬುದ್ಧಿ ಕಮ್ಮಿ ಅಂತ ಷರಾ ಬರೆದಿದ್ದ. ಹೋದ ಕೆಲವೇ ದಿನಗಳಲ್ಲಿ ಜೊತೆಯವರೆಲ್ಲ ಸಿಕ್ಕಿಬಿದ್ದರು. ವಾಪಸ್ಸು ಬಾ ಅಂದರೆ ಒಲ್ಲೆ ಅಂದಳು. ಭಾರವಾದ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಬದಲಾಯಿಸುತ್ತಾ ತಿಂಗಳುಗಟ್ಟಲೆ ಸುದ್ದಿ ಕಳಿಸಿದಳು. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದಳು, ಸಂಕೋಲೆಯಲ್ಲಿ ಒಂಟಿ ಕೋಣೆಯಲ್ಲಿ ಕಳೆದಳು. 13 ಸೆಪ್ಟೆಂಬರ್ 1944ರಂದು ಡಕಾವ್ ಶಿಬಿರದಲ್ಲಿ ಗುಂಡಿಟ್ಟರು. ಆಗ ಅವಳಿಗೆ ಮೂವತ್ತು. ಅವಳ ಆಯುಧ ಬೆರಳು ಮತ್ತು ತಂತಿ. ಮೈಮಾಟದ ಒಂದು ಸೀನೂ ಈ ಬದುಕಿನಲ್ಲಿಲ್ಲ.

ಇನ್ನೊಬ್ಬಳು ಹ್ಯಾರಿಯೆಟ್ ಟಬ್ಮನ್. ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಕ್ಕೆ ಹೋಗಿ ತನ್ನವರನ್ನು ಬಿಡಿಸಿಕೊಂಡು ಬಂದವಳು. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಬೇಹುಗಾತಿ. 2 ಜೂನ್ 1863ರ ರಾತ್ರಿ ದಕ್ಷಿಣ ಕೆರೊಲಿನಾದ ಕಂಬಾಹೀ ಹೊಳೆಯಲ್ಲಿ ಕರಿಯ ಸೈನಿಕರ ದೋಣಿಗಳಿಗೆ ದಾರಿ ತೋರಿಸಿದಳು. ನೀರಿನೊಳಗೆ ಸ್ಫೋಟಕ ಎಲ್ಲಿದೆ ಅಂತ ಅವಳಿಗೆ ಹೇಳಿದವರು ಆ ತೋಟಗಳ ಗುಲಾಮರೇ. ಒಂದೇ ದಾಳಿಯಲ್ಲಿ ಏಳು ನೂರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಇಲ್ಲಿ ಕ್ವಾರೆಲ್ ಸಾಯಲಿಲ್ಲ, ದೋಣಿ ಹತ್ತಿ ಸ್ವತಂತ್ರನಾದ. ಪಿಂಚಣಿಗಾಗಿ ಅವಳು ದಶಕಗಳ ಕಾಲ ಸರ್ಕಾರದ ಬಾಗಿಲು ತಟ್ಟಿದಳು. 1899ರಲ್ಲಿ ತಿಂಗಳಿಗೆ ಇಪ್ಪತ್ತು ಡಾಲರ್ ಸಿಕ್ಕಿತು, ಅದೂ ಸೈನಿಕನ ವಿಧವೆ ಮತ್ತು ನರ್ಸ್ ಅನ್ನೋ ಲೆಕ್ಕದಲ್ಲಿ. ಬೇಹುಗಾತಿ ಎಂಬ ಕಾಲಮ್ಮು ಖಾಲಿಯೇ ಉಳಿಯಿತು.

8

ಈಗ ಎಲ್ಲ ಬದಲಾಗಿದೆಯಲ್ಲ ಅನ್ನುವವರಿಗೆ ಉತ್ತರ ಕೊಡಬೇಕು. ಬದಲಾವಣೆ ಇದೆ, ಇಲ್ಲ ಅನ್ನೋದಿಲ್ಲ. ಅದು ಹೆಂಗಸರ, ಕರಿಯರ ಚಳವಳಿಗಳು ಬೀದಿಯಲ್ಲಿ ದುಡಿದ ಫಲ, ನಿರ್ಮಾಪಕರ ದಾನವಲ್ಲ. 1995ರ 'ಗೋಲ್ಡನ್‌ಐ'ನಲ್ಲಿ ಬಾಂಡ್‌ನ ಮೇಲಧಿಕಾರಿಯಾಗಿ ಹೆಂಗಸು ಬಂದಳು, ಅವನನ್ನು ಹೆಣ್ಣುದ್ವೇಷಿ, ಹಳೆಯ ಕಾಲದ ಪ್ರಾಣಿ ಅಂತ ಮುಖಕ್ಕೆ ಹೇಳಿದಳು. 2021ರ 'ನೋ ಟೈಮ್ ಟು ಡೈ'ನಲ್ಲಿ 007 ಎಂಬ ನಂಬರು ಕೆಲಕಾಲ ಒಬ್ಬ ಕರಿಯ ಹೆಣ್ಣಿನದಾಯಿತು. ಆದರೆ 2012ರ 'ಸ್ಕೈಫಾಲ್' ನೋಡಿ. ಚಿಕ್ಕವಳಿದ್ದಾಗಲೇ ಮಾರಾಟವಾದ ಹೆಣ್ಣು ಅವಳು ಅಂತ ಬಾಂಡ್ ಕೈ ಮೇಲಿನ ಹಚ್ಚೆಯಿಂದಲೇ ಗುರುತಿಸುತ್ತಾನೆ. ಮುಂದಿನ ದೃಶ್ಯದಲ್ಲಿ ಹೇಳದೆ ಕೇಳದೆ ಅವಳ ಸ್ನಾನದ ಕೋಣೆಗೆ ಹೋಗುತ್ತಾನೆ. ಅವಳ ತಲೆಯ ಮೇಲೆ ವಿಸ್ಕಿ ಗ್ಲಾಸಿಟ್ಟು ಖಳ ಅವಳನ್ನು ಕೊಂದಾಗ, ಒಳ್ಳೆಯ ವಿಸ್ಕಿ ಹಾಳಾಯಿತು ಅನ್ನುತ್ತಾನೆ.

2023ರಲ್ಲಿ, ಎಪ್ಪತ್ತು ವರ್ಷ ತುಂಬಿದ್ದಕ್ಕೆ, ಫ್ಲೆಮಿಂಗನ ಪುಸ್ತಕಗಳನ್ನು ತಿದ್ದಿ ಮರುಮುದ್ರಿಸಿದರು. ಕರಿಯರನ್ನು ಹೀನಾಯವಾಗಿ ಕರೆಯುವ ಪದಗಳನ್ನು ತೆಗೆದರು. ಆದರೆ ಬಲಾತ್ಕಾರದ ರುಚಿಯ ಮಾತು ಹಾಗೇ ಉಳಿಯಿತು, ಕೊರಿಯನ್ನರ ಮೇಲಿನ ತಿರಸ್ಕಾರವೂ ಉಳಿಯಿತು. ಯಾವ ಅವಮಾನ ಅವಮಾನ, ಯಾವುದು ಬರೀ ಮಸಾಲೆ ಅಂತ ತೀರ್ಮಾನಿಸುವ ಕೈ ಇನ್ನೂ ಅವರದೇ. ಪದ ಅಳಿಸುವುದರಲ್ಲಿ ನಮಗೆ ನಂಬಿಕೆ ಇಲ್ಲ. ಅವರು ಬರೆದದ್ದು ಬರೆದ ಹಾಗೆ ಇರಲಿ. ಓದುವ ಕಣ್ಣು ಬದಲಾಗಬೇಕು.

ಆದ್ದರಿಂದ ಹಳ್ಳಿಯ ಮೇಷ್ಟ್ರಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ಚಿತ್ರಗಳನ್ನು ನೋಡಬೇಡಿ ಅಂತ ನಾವು ಹೇಳೋದಿಲ್ಲ, ಹೇಳಿದರೆ ಯಾರೂ ಕೇಳೋದೂ ಇಲ್ಲ. ನೋಡಿ. ನೋಡಿದ ಮೇಲೆ ಕಟ್ಟೆ ಮೇಲೆ ಕೂತು ಮಾತಾಡಿ. ಮೊದಲು ಸತ್ತವನು ಯಾರು? ಅವನ ಬಣ್ಣ ಯಾವುದು, ಅವನ ಹೆಸರು ನಿಮಗೆ ನೆನಪಿದೆಯೇ? ಹೆಣ್ಣು ಬೇಡ ಅಂದಾಗ ನೀವು ನಕ್ಕಿರಾ? ಹುಡುಗಿಯರೂ ಆ ಮಾತಿನಲ್ಲಿ ಇರಲಿ. ಅವರಿಲ್ಲದೆ ಹುಡುಗರಷ್ಟೇ ಕೂತು ಸ್ತ್ರೀ ಶೋಷಣೆಯ ಬಗ್ಗೆ ಭಾಷಣ ಮಾಡಿದರೆ ಅದೂ ಇನ್ನೊಂದು ಬಾಂಡ್ ಚಿತ್ರವೇ. ನಮ್ಮ ಚಳವಳಿಯ ಸಭೆಗಳಲ್ಲಿ ಚಹಾ ಮಾಡಿದವರು ಯಾರು, ಮೈಕು ಹಿಡಿದವರು ಯಾರು ಅನ್ನುವ ಪ್ರಶ್ನೆಯೂ ಇದರ ಜೊತೆಗೇ ಬರಲಿ.

ಬರೆಯುವವರಿಗೆ ಇನ್ನೊಂದು ಮಾತು. ಊರಿನ ಗುಟ್ಟೆಲ್ಲ ಗೊತ್ತಿದ್ದವರು ಯಾರು? ಬದುವಿನ ಕಲ್ಲು ಸರಿಸಿದ್ದು ಗೊತ್ತಿದ್ದ ತೋಟಿ. ಯಾವ ಮನೆಯಲ್ಲಿ ಯಾವ ಕೂಸು ಯಾರಿಗೆ ಹುಟ್ಟಿತು ಅಂತ ಗೊತ್ತಿದ್ದ ಸೂಲಗಿತ್ತಿ. ದೊಡ್ಡ ಮನೆಯ ಹಿತ್ತಿಲು ಗುಡಿಸಿ, ಅಲ್ಲಿ ಬಿದ್ದದ್ದನ್ನೆಲ್ಲ ಕಂಡ ನಮ್ಮ ಅವ್ವ. ಅವರನ್ನು ಯಾರೂ ಲೆಕ್ಕಕ್ಕಿಡದೆ ಎಲ್ಲವನ್ನೂ ಅವರ ಮುಂದೆಯೇ ಮಾತಾಡಿದರು. ನೋಡಿದ್ದನ್ನು ಅವರು ಯಾವ ರಾಜನಿಗೂ ವರದಿ ಮಾಡಲಿಲ್ಲ, ಎದೆಯಲ್ಲಿಟ್ಟುಕೊಂಡು ಸತ್ತರು. ಆ ವರದಿ ಇನ್ನೂ ಬರೆದಾಗಿಲ್ಲ. ಅದನ್ನು ಬರೆಯುವ ಕೈಗಳು ಈಗ ಶಾಲೆ ಕಲಿತಿವೆ.